ಪಿಸಿಬಿ ಘಟಕದ ತ್ಯಾಜ್ಯನೀರಿಗೆ ಒಂದೇ ತೊಟ್ಟಿ ಸಾಕೇ?

ಪ್ರಶ್ನೆ: ಮೈಸೂರಿನ ಹೊರವಲಯದಲ್ಲಿ ಪಿಸಿಬಿ (ಎಲೆಕ್ಟ್ರಾನಿಕ್ ಉಪಕರಣಗಳ ಸರ್ಕ್ಯೂಟ್ ಬೋರ್ಡ್) ತಯಾರಿಸುವ ಸಣ್ಣ ಘಟಕವೊಂದನ್ನು ಆರಂಭಿಸಲಿದ್ದೇವೆ. ತಾಮ್ರದ ಲೇಪನ, ಎಚ್ಚಿಂಗ್ (ಬೇಡದ ತಾಮ್ರವನ್ನು ರಾಸಾಯನಿಕದಿಂದ ಕರಗಿಸಿ ತೆಗೆಯುವುದು), ಚಿನ್ನದ ಲೇಪನ ಮೂರೂ ನಮ್ಮಲ್ಲೇ ನಡೆಯಲಿವೆ. ಎಲ್ಲ ತ್ಯಾಜ್ಯನೀರನ್ನೂ ಒಂದೇ ತೊಟ್ಟಿಗೆ ಬಿಟ್ಟು, ಸುಣ್ಣ ಬೆರೆಸಿ, ಫಿಲ್ಟರ್ ಪ್ರೆಸ್‌ನಲ್ಲಿ ಸೋಸಿದರೆ ಸಾಕು ಎಂದು ಗುತ್ತಿಗೆದಾರರು ಹೇಳುತ್ತಾರೆ. ಇದು ಸರಿಯೇ?
— ಓದುಗರೊಬ್ಬರು, ಮೈಸೂರು

ಉತ್ತರ: ಸರಿಯಲ್ಲ. ನೆಲಕ್ಕೆ ಕಾಂಕ್ರೀಟ್ ಹಾಕುವ ಮುನ್ನವೇ ನೀವು ಕೇಳಿದ್ದು ಒಳ್ಳೆಯದಾಯಿತು. ಆಮೇಲೆ ಚರಂಡಿಗಳನ್ನು ಬೇರ್ಪಡಿಸಲು ನೆಲವನ್ನೇ ಅಗೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದುದು ಕಾರ್ಮಿಕರ ಜೀವದ ಬಗ್ಗೆ. ಚಿನ್ನದ ಲೇಪನದ ದ್ರಾವಣದಲ್ಲಿ ಸಾಮಾನ್ಯವಾಗಿ ಸಯನೈಡ್ ಇರುತ್ತದೆ; ಅದು ತಾಮ್ರದ ಲೇಪನದಿಂದ ಬರುವ ಆಮ್ಲೀಯ ನೀರಿನೊಂದಿಗೆ ಕೂಡಿದರೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲ ಹೊಮ್ಮುತ್ತದೆ. ಆದುದರಿಂದ ಸಯನೈಡ್ ನೀರಿಗೆ ಪ್ರತ್ಯೇಕ ಕೊಳವೆಯೂ ಪ್ರತ್ಯೇಕ ತೊಟ್ಟಿಯೂ ಇರಲೇಬೇಕು. ಅಲ್ಲಿ ಪಿಎಚ್ ಅನ್ನು 10ಕ್ಕಿಂತ ಮೇಲಿಟ್ಟು, ಸೋಡಿಯಂ ಹೈಪೋಕ್ಲೋರೈಟ್‌ನಿಂದ ಸಯನೈಡನ್ನು ಸಯನೇಟ್ ಆಗಿಸಿ, ಬಳಿಕ ಪಿಎಚ್ ಅನ್ನು 8.5ರ ಆಸುಪಾಸಿಗೆ ಇಳಿಸಿ ಅದನ್ನೂ ಒಡೆದ ನಂತರವೇ ಆ ನೀರು ಉಳಿದ ನೀರನ್ನು ಸೇರಬಹುದು.

ಇನ್ನು ತಾಮ್ರ. ಸುಣ್ಣ ಹಾಕಿ ಪಿಎಚ್ ಅನ್ನು 9ರ ಸುಮಾರಿಗೆ ಏರಿಸಿದಾಗ ಬಿಡಿ ತಾಮ್ರವು ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುವುದು ನಿಜ. ಆದರೆ ಎಲೆಕ್ಟ್ರೋಲೆಸ್ (ವಿದ್ಯುತ್ ಹರಿಸದೆ ಮಾಡುವ) ಲೇಪನದಲ್ಲಿ ಬಳಸುವ ಇಡಿಟಿಎ ಎಂಬ ರಾಸಾಯನಿಕ, ಕ್ಷಾರೀಯ ಎಚ್ಚಿಂಗ್‌ನ ಅಮೋನಿಯಾ ಇವು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಎಷ್ಟು ಸುಣ್ಣ ಸುರಿದರೂ ಅದು ನೀರಿನಲ್ಲೇ ಉಳಿಯುತ್ತದೆ. ಅಷ್ಟೇ ಅಲ್ಲ, ಇಂಥ ನೀರು ಬೆರೆತರೆ ಸುಲಭವಾಗಿ ಕೂರಬೇಕಿದ್ದ ತಾಮ್ರವೂ ಕೂರದೆ ಹೋಗಬಹುದು. ಒಳನಾಡಿನ ಜಲಮೂಲಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ತಾಮ್ರ, 0.2 ಮಿಲಿಗ್ರಾಂ ಸಯನೈಡ್ ಎಂಬುದು ದೇಶದ ಸಾಮಾನ್ಯ ಮಾನದಂಡದ ಮಿತಿ. ನಿಮ್ಮ ಗುತ್ತಿಗೆದಾರರ ವಿಧಾನದಲ್ಲಿ ಆ ಮಿತಿಯೊಳಗೆ ಉಳಿಯುವ ಭರವಸೆ ನನಗಿಲ್ಲ. ಇಡಿಟಿಎ, ಅಮೋನಿಯಾ ಇರುವ ನೀರನ್ನು ಬೇರೆಯಾಗಿ ಸಂಗ್ರಹಿಸಿ, ಫೆರಸ್ ಸಲ್ಫೇಟ್ ಅಥವಾ ಸಲ್ಫೈಡ್ ಬಳಸಿ ತಾಮ್ರವನ್ನು ಬಿಡಿಸಿಕೊಳ್ಳಬೇಕು. ಸಲ್ಫೈಡ್ ಆರಿಸಿಕೊಂಡರೆ ಅಲ್ಲಿಗೂ ಆಮ್ಲ ಸೇರದಂತೆ ಕಾಯಬೇಕು.

ಬಳಸಿ ಮುಗಿದ ಎಚ್ಚಿಂಗ್ ದ್ರಾವಣವನ್ನಂತೂ ಶುದ್ಧೀಕರಣ ಘಟಕಕ್ಕೆ ಬಿಡಲೇಬೇಡಿ. ಕ್ಷಾರೀಯ ದ್ರಾವಣದಲ್ಲಿ ಲೀಟರಿಗೆ 100 ಗ್ರಾಂ ಮೀರಿ ತಾಮ್ರ ಇರುವುದುಂಟು. ಅದನ್ನು ಡ್ರಮ್ಮಿನಲ್ಲಿ ತುಂಬಿ, ಅನುಮತಿ ಪಡೆದ ಮರುಬಳಕೆದಾರರಿಗೆ ಕೊಡಿ. ಫಿಲ್ಟರ್ ಪ್ರೆಸ್‌ನಿಂದ ಇಳಿಯುವ ಕೆಸರಿಗೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅನ್ವಯಿಸುತ್ತವೆ. ಅದನ್ನು ಗುಂಡಿಗೆ ಸುರಿಯುವಂತಿಲ್ಲ.

ಯಾವ ಯಂತ್ರದ ನೀರು ಯಾವ ತೊಟ್ಟಿಗೆ ಹೋಗುತ್ತದೆ ಎಂಬ ನಕ್ಷೆಯನ್ನು ಗುತ್ತಿಗೆದಾರರಿಂದ ಬರೆಸಿಕೊಳ್ಳಿ. ನೀವು ಕೊಳ್ಳಲಿರುವ ರಾಸಾಯನಿಕಗಳನ್ನೇ ಬಳಸುತ್ತಿರುವ ಬೇರೊಂದು ಘಟಕದ ನೀರು ಸಿಕ್ಕರೆ, ಅದರ ಮೇಲೆ ಜಾರ್ ಟೆಸ್ಟ್ (ಜಾಡಿಗಳಲ್ಲಿ ಸಣ್ಣ ಪ್ರಮಾಣದಲ್ಲಿ ಶುದ್ಧೀಕರಿಸಿ ನೋಡುವ ಪರೀಕ್ಷೆ) ಮಾಡಿಸಿ, ಫಲಿತಾಂಶ ನೋಡಿದ ಮೇಲೆ ತೊಟ್ಟಿಗಳ ಅಳತೆಯನ್ನು ನಿರ್ಧರಿಸಿ.