ಬೇಸಿಗೆಯ ಬರವಣಿಗೆ ಕಮ್ಮಟಕ್ಕೆ ಯಾವ ಕಥೆಯನ್ನು ಕಳುಹಿಸಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಗ್ರಹಿಸಿದ್ದೇನೆ. ನೀವು ಅಮೆರಿಕದ ಹೈಸ್ಕೂಲೊಂದರಲ್ಲಿ ಹನ್ನೊಂದನೆಯ ತರಗತಿಯಲ್ಲಿದ್ದೀರಿ ಮತ್ತು ಬರುವ ಬೇಸಿಗೆಗೆ ಸೃಜನಶೀಲ ಬರವಣಿಗೆಯ ವಸತಿ ಕಾರ್ಯಕ್ರಮಗಳಿಗೆ ಅರ್ಜಿ ಹಾಕಲು ಬಯಸಿದ್ದೀರಿ. ಅಯೋವಾ ವಿಶ್ವವಿದ್ಯಾಲಯದ ಯಂಗ್ ರೈಟರ್ಸ್ ಸ್ಟುಡಿಯೋ ಮತ್ತು ಓಹಾಯೋದ ಗ್ಯಾಂಬಿಯರ್‌ನಲ್ಲಿ ನಡೆಯುವ ಕೆನ್ಯನ್ ರಿವ್ಯೂ ಯಂಗ್ ರೈಟರ್ಸ್ ನಿಮ್ಮ ಪಟ್ಟಿಯಲ್ಲಿವೆ. ನಿಮ್ಮ ಬಳಿ ಎರಡು ಕಥೆಗಳಿವೆ: ಒಂದು, ಯುದ್ಧದ ಹಿನ್ನೆಲೆಯಲ್ಲಿ ಬರೆದ, ಶಿಕ್ಷಕರೆಲ್ಲ ಮೆಚ್ಚಿದ ದೀರ್ಘ ಕಥೆ, ಇನ್ನೊಂದು, ಊಟದ ಹೊತ್ತಿನಲ್ಲಿ ಕಿವಿಯ ಶ್ರವಣಯಂತ್ರವನ್ನು ತೆಗೆದಿಟ್ಟು ಕೂರುವ ಅಜ್ಜನ ಬಗ್ಗೆ ಬರೆದ, ನಾಲ್ಕೇ ಪುಟಗಳ, ಯಾರಿಗೂ ತೋರಿಸದ ಕಥೆ. ಬಹುಮಾನವಾಗಲಿ ಪ್ರಕಟಣೆಯಾಗಲಿ ಇಲ್ಲದ ತನಗೆ ಅವಕಾಶವಿದೆಯೇ, ಇದ್ದರೆ ಯಾವ ಕಥೆಯನ್ನು ಕಳುಹಿಸಲಿ ಎಂದು ಕೇಳಿದ್ದೀರಿ.

ಇಂಥದೇ ಒಂದು ಕಾರ್ಯಕ್ರಮಕ್ಕೆ ಬಂದ ಅರ್ಜಿಗಳನ್ನು ಕೆಲವು ವರ್ಷ ಓದಿದವನಾಗಿ, ಆ ಬಳಿಕ ಹೈಸ್ಕೂಲು ವಿದ್ಯಾರ್ಥಿಗಳಿಗೆ ಕಥಾ ಬರವಣಿಗೆಯನ್ನು ಕಲಿಸುತ್ತಿರುವವನಾಗಿ ಹೇಳುತ್ತೇನೆ: ಅಜ್ಜನ ಕಥೆಯನ್ನು ಕಳುಹಿಸಿ. ಎರಡನ್ನೂ ಓದದೆ ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಯುದ್ಧದ ಕಥೆಯನ್ನು ನೀವು ಪರಿಚಯಿಸಿದ್ದು ಅದರ ವಿಸ್ತಾರದಿಂದ ಮತ್ತು ಇತರರ ಮೆಚ್ಚುಗೆಯಿಂದ. ಅಜ್ಜನ ಕಥೆಯನ್ನು ಪರಿಚಯಿಸಿದ್ದು ಅದರೊಳಗೆ ನಡೆಯುವ ಒಂದು ಕ್ರಿಯೆಯಿಂದ. ಆ ಒಂದು ಕ್ರಿಯೆಯೇ ನನ್ನಲ್ಲಿ ಹಲವು ಪ್ರಶ್ನೆಗಳನ್ನು ಹುಟ್ಟಿಸಿತು. ಅಜ್ಜ ಯಂತ್ರವನ್ನು ತೆಗೆದಿಡುವುದು ದಣಿವಿನಿಂದಲೋ, ಸಿಟ್ಟಿನಿಂದಲೋ? ಅವರಿಗೆ ಕೇಳಿಸದು ಎಂಬ ಧೈರ್ಯದಲ್ಲಿ ಮನೆಯವರಲ್ಲಿ ಯಾರು ಏನನ್ನು ಆಡಿಬಿಡುತ್ತಾರೆ? ಅವರಿಗೆ ನಿಜಕ್ಕೂ ಕೇಳಿಸುವುದಿಲ್ಲವೇ? ಇಷ್ಟು ಪ್ರಶ್ನೆಗಳನ್ನು ಒಂದೇ ವಾಕ್ಯದ ಪರಿಚಯದಲ್ಲಿ ಎಬ್ಬಿಸಬಲ್ಲ ಕಥೆ ನಾಲ್ಕು ಪುಟಗಳದ್ದಾದರೂ ಸಣ್ಣದಲ್ಲ.

ಅರ್ಜಿಗಳನ್ನು ಓದುವವರ ಸ್ಥಿತಿಯನ್ನೂ ನೀವು ತಿಳಿದಿರುವುದು ಒಳ್ಳೆಯದು. ಅವರು ಸಾಮಾನ್ಯವಾಗಿ ಬರಹಗಾರರು ಅಥವಾ ಬರವಣಿಗೆಯಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವವರು. ಒಂದು ಕೂರಿಕೆಗೆ ಹತ್ತಾರು ಹಸ್ತಪ್ರತಿಗಳನ್ನು ಓದುತ್ತಾರೆ. ಹದಿನಾರು ಹದಿನೇಳು ವರ್ಷದವರು ಗಂಭೀರವಾಗಿ ಕಾಣಬೇಕೆಂದು ಸಾವು, ಯುದ್ಧ, ಆತ್ಮಹತ್ಯೆ, ಪ್ರಳಯಾನಂತರದ ಜಗತ್ತು ಮುಂತಾದ ದೊಡ್ಡ ವಸ್ತುಗಳನ್ನು ಎತ್ತಿಕೊಳ್ಳುವುದು ಬಹಳ ಸಾಮಾನ್ಯ. ಆ ವಸ್ತುಗಳಲ್ಲಿ ತಪ್ಪೇನೂ ಇಲ್ಲ, ಆದರೆ ವಸ್ತುವಿನ ಭಾರವನ್ನೇ ಬರವಣಿಗೆಯ ಶಕ್ತಿಯೆಂದು ಭ್ರಮಿಸಿದಾಗ ಪಾತ್ರಗಳು ಮಸುಕಾಗುತ್ತವೆ. ಸೈನಿಕನಿಗೆ ಹೆಸರಿರುತ್ತದೆ, ಕೈಗಳಿರುವುದಿಲ್ಲ. ನಾನು ಓದಿದ ಅರ್ಜಿಗಳಲ್ಲಿ ನಾವು ಓದುಗರೆಲ್ಲ ಒಮ್ಮತದಿಂದ ಆಯ್ದುಕೊಂಡವು ಹೆಚ್ಚಾಗಿ, ಬರೆದವರು ತಾವೇ ಕಂಡ ಏನನ್ನೋ ಬೇರೆಯವರು ಕಾಣದ ರೀತಿಯಲ್ಲಿ ಕಂಡಿದ್ದಾರೆ ಎಂಬ ನಂಬಿಕೆಯನ್ನು ಮೊದಲ ಪುಟದಲ್ಲೇ ಕೊಟ್ಟ ಹಸ್ತಪ್ರತಿಗಳು. ಅವು ಲೋಪವಿಲ್ಲದವಾಗಿರಲಿಲ್ಲ. ಕಲಿಯಲು ಬರುವವರ ಹಸ್ತಪ್ರತಿಯಲ್ಲಿ ಲೋಪವಿರುವುದನ್ನು ಯಾವ ಓದುಗರೂ ದೋಷವೆಂದು ಎಣಿಸುವುದಿಲ್ಲ.

ಹಾಗೆಂದು ಈಗಿರುವ ಸ್ಥಿತಿಯಲ್ಲೇ ಅಜ್ಜನ ಕಥೆಯನ್ನು ಕಳುಹಿಸಬೇಡಿ. ಗಡುವಿಗೆ ಕೆಲವು ವಾರಗಳಿರುವಾಗಲೇ ತಿದ್ದುವ ಕೆಲಸವನ್ನು ಆರಂಭಿಸಿ. ಮೊದಲಿಗೆ, ಕಥೆ ನಿಜವಾಗಿ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿ. ಅನೇಕ ವೇಳೆ ಮೊದಲ ಒಂದು ಪುಟ ಬರೆಯುವವರು ತಮಗಾಗಿ ಮಾಡಿಕೊಂಡ ಸಿದ್ಧತೆಯಾಗಿರುತ್ತದೆ, ಓದುಗರಿಗೆ ಅದರ ಅಗತ್ಯವಿರುವುದಿಲ್ಲ. ಎರಡನೆಯದಾಗಿ, ಕೊನೆಯ ಪ್ಯಾರಾವನ್ನು ಕೈಯಿಂದ ಮುಚ್ಚಿ ಕಥೆಯನ್ನು ಓದಿ ನೋಡಿ. ಅದಿಲ್ಲದೆಯೂ ಕಥೆ ಮುಗಿದಂತೆ ಅನಿಸಿದರೆ, ಆ ಪ್ಯಾರಾ ಅಜ್ಜನ ಮೌನದ ಅರ್ಥವನ್ನು ವಿವರಿಸಲು ಹೊರಟಿದೆ ಎಂದು ತಿಳಿದು ತೆಗೆದುಹಾಕಿ. ಆನಂತರ ಇಡೀ ಕಥೆಯನ್ನು ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ. ಸಂಭಾಷಣೆಗಂತೂ ಈ ಪರೀಕ್ಷೆ ತೀರಾ ಅಗತ್ಯ, ಏಕೆಂದರೆ ನಿಮ್ಮ ಕಥೆಯ ಜೀವ ಊಟದ ಮೇಜಿನ ಮಾತುಗಳಲ್ಲೇ ಇರುವಂತೆ ನನಗೆ ತೋರುತ್ತದೆ.

ಒಬ್ಬ ಶಿಕ್ಷಕರಿಗೋ ಗೆಳತಿಗೋ ಓದಲು ಕೊಡಿ, ಆದರೆ ವಾಕ್ಯಗಳನ್ನು ಅವರಿಂದ ಬರೆಸಿಕೊಳ್ಳಬೇಡಿ. ಎಲ್ಲಿ ಬೇಸರ ಬಂತು, ಎಲ್ಲಿ ಗೊಂದಲವಾಯಿತು ಎಂಬ ಎರಡು ಪ್ರಶ್ನೆಗಳಿಗೆ ಮಾತ್ರ ಅವರು ಉತ್ತರಿಸಲಿ. ಕೃತಕ ಬುದ್ಧಿಮತ್ತೆಯಿಂದ ಕಥೆಯನ್ನು ನಯಗೊಳಿಸುವ ಆಸೆಯನ್ನೂ ದಯವಿಟ್ಟು ಬಿಡಿ. ನಿಯಮಗಳ ಮಾತು ಒತ್ತಟ್ಟಿಗಿರಲಿ, ಹಾಗೆ ನಯಗೊಂಡ ಗದ್ಯದಲ್ಲಿ ಮೊದಲು ಅಳಿಸಿಹೋಗುವುದೇ ಓದುಗರು ಹುಡುಕುತ್ತಿರುವ ನಿಮ್ಮ ದನಿ.

ಪುಟಗಳ ಮಿತಿಯ ಬಗ್ಗೆ ಆತಂಕ ಬೇಡ. ಹತ್ತು ಪುಟಗಳವರೆಗೆ ಕಳುಹಿಸಬಹುದು ಎಂದಿದ್ದರೆ ಹತ್ತನ್ನೂ ತುಂಬಬೇಕೆಂದು ಅರ್ಥವಲ್ಲ. ನಿಮ್ಮ ನಾಲ್ಕು ಪುಟಗಳ ಜೊತೆಗೆ ಯುದ್ಧದ ಕಥೆಯ ಆಯ್ದ ಭಾಗವನ್ನು ಸೇರಿಸಬೇಕೆಂಬ ಯೋಚನೆ ಬರಬಹುದು. ನನ್ನ ಅಭಿಪ್ರಾಯದಲ್ಲಿ ಅದು ಬೇಡ, ಏಕೆಂದರೆ ಒಳ್ಳೆಯದೊಂದನ್ನು ಓದಿ ಮುಗಿಸಿದ ಓದುಗರನ್ನು ಅಪೂರ್ಣವಾದ ಇನ್ನೊಂದರತ್ತ ಎಳೆದು ತರುವುದರಿಂದ ಲಾಭವಿಲ್ಲ. ಅಕ್ಷರದ ಗಾತ್ರ, ಸಾಲುಗಳ ಅಂತರ, ಹಸ್ತಪ್ರತಿಯ ಮೇಲೆ ಹೆಸರು ಇರಬೇಕೋ ಬಾರದೋ ಎಂಬಂಥ ಸೂಚನೆಗಳು ಒಂದೊಂದು ಕಡೆ ಒಂದೊಂದು ರೀತಿ ಇರುತ್ತವೆ. ಅವನ್ನು ಅಕ್ಷರಶಃ ಪಾಲಿಸಿ.

ಕಾರ್ಯಕ್ರಮಕ್ಕೆ ಏಕೆ ಬರಬಯಸುತ್ತೀರಿ ಎಂದು ಅರ್ಜಿಯ ಜೊತೆಗೆ ಬರೆಯುವ ಉದ್ದೇಶ ಪತ್ರದ ವಿಷಯಕ್ಕೆ ಬರೋಣ. ಕೆಲವು ಕಾರ್ಯಕ್ರಮಗಳಲ್ಲಿ ಇಂಥ ಕಿರು ಪ್ರಬಂಧಕ್ಕೇ ಹೆಚ್ಚಿನ ತೂಕವಿರುತ್ತದೆ. ಚಿಕ್ಕಂದಿನಿಂದಲೂ ಪುಸ್ತಕಗಳೆಂದರೆ ಪ್ರಾಣ, ಬರವಣಿಗೆಯೇ ಉಸಿರು ಎಂದು ಆರಂಭವಾಗುವ ಪತ್ರಗಳನ್ನು ನಾನು ಅಸಂಖ್ಯವಾಗಿ ಓದಿದ್ದೇನೆ. ಅವೆಲ್ಲ ನಿಜವೇ ಆಗಿದ್ದರೂ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಿ ತೋರಿಸಲು ಅವಕ್ಕೆ ಸಾಧ್ಯವಾಗಲಿಲ್ಲ. ಅದರ ಬದಲು, ಈಗ ನಿಮ್ಮ ಬರವಣಿಗೆಯಲ್ಲಿ ನಿಮಗೆ ಬಿಡಿಸಲಾಗದ ಒಂದು ಸಮಸ್ಯೆ ಯಾವುದು ಎಂಬುದನ್ನು ಬರೆಯಿರಿ. ಒಂದು ಕೋಣೆಯಲ್ಲಿ ಐದು ಪಾತ್ರಗಳನ್ನು ಕೂರಿಸಿದಾಗ ಅವರಲ್ಲಿ ಇಬ್ಬರು ಮಾಯವಾಗುತ್ತಾರೆ ಎಂಬುದು ನಿಮ್ಮ ತೊಡಕಾಗಿದ್ದರೆ ಅದನ್ನೇ ಹೇಳಿ, ಅದನ್ನು ಎದುರಿಸಲು ಈವರೆಗೆ ಏನು ಮಾಡಿದ್ದೀರಿ ಎಂಬುದನ್ನೂ ಸೇರಿಸಿ. ಈ ಕಾರ್ಯಕ್ರಮಗಳ ಹೃದಯವಿರುವುದು ಕಮ್ಮಟದಲ್ಲಿ. ಅಲ್ಲಿ ನಿಮ್ಮ ಕರಡನ್ನು ಎಲ್ಲರೂ ಓದಿ ಬಂದು ಚರ್ಚಿಸುತ್ತಾರೆ. ಹಲವೆಡೆ ಆ ಚರ್ಚೆ ಮುಗಿಯುವವರೆಗೆ ಬರೆದವರು ಮಾತಾಡದೆ ಕೇಳಿಸಿಕೊಳ್ಳಬೇಕು. ಈ ಕ್ರಮ ಅಮೆರಿಕದಲ್ಲಿ ಬೇರೂರಿದ್ದರಲ್ಲಿ 1936ರಲ್ಲಿ ಸ್ಥಾಪನೆಯಾದ, ಅಯೋವಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಬರವಣಿಗೆ ವಿಭಾಗವಾದ ಅಯೋವಾ ರೈಟರ್ಸ್ ವರ್ಕ್‌ಶಾಪ್‌ನ ಪಾತ್ರ ದೊಡ್ಡದು. ಹಾಗಾಗಿ ಅರ್ಜಿ ಹಾಕಿದವರು ಇತರರ ಕರಡನ್ನು ಎಚ್ಚರದಿಂದ ಓದುತ್ತಾರೆಯೇ, ತಮ್ಮ ಕರಡಿನ ಬಗ್ಗೆ ಬಂದ ಮಾತನ್ನು ತಾಳ್ಮೆಯಿಂದ ಕೇಳುತ್ತಾರೆಯೇ ಎಂಬುದನ್ನು ಅರ್ಜಿ ಓದುವವರು ನಿಮ್ಮ ಪತ್ರದಲ್ಲಿ ಹುಡುಕುತ್ತಿರುತ್ತಾರೆ.

ಬಹುಮಾನಗಳಿಲ್ಲ ಎಂಬ ಕೊರಗನ್ನು ಬಿಟ್ಟುಬಿಡಿ. ಹದಿಹರೆಯದ ಬರಹಗಾರರಿಗೂ ಕಲಾವಿದರಿಗೂ 1923ರಿಂದ ಕೊಡುತ್ತ ಬಂದಿರುವ ಸ್ಕೊಲಾಸ್ಟಿಕ್ ಪ್ರಶಸ್ತಿಗಳಂಥ ಗೌರವಗಳನ್ನು ಪಡೆದವರು ಅದನ್ನು ಅರ್ಜಿಯಲ್ಲಿ ನಮೂದಿಸುತ್ತಾರೆ, ಅದು ಸಹಜ. ಆದರೆ ಓದುವಾಗ ನಮ್ಮ ಮುಂದಿದ್ದುದು ಹಸ್ತಪ್ರತಿ. ಪ್ರಶಸ್ತಿಯ ಸಾಲು ದುರ್ಬಲವಾದ ಕಥೆಯನ್ನು ಎತ್ತಿ ಹಿಡಿದದ್ದನ್ನು ನಾನು ಕಂಡಿಲ್ಲ.

ಎಲ್ಲ ಬೇಸಿಗೆ ಕಾರ್ಯಕ್ರಮಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ಗಮನಿಸಿ. ಹಸ್ತಪ್ರತಿಯನ್ನು ಓದಿ ಕೆಲವರನ್ನಷ್ಟೇ ಆಯ್ದುಕೊಳ್ಳುವ ಕಾರ್ಯಕ್ರಮಗಳಿವೆ. ಪ್ರಸಿದ್ಧ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದರೂ ಶುಲ್ಕ ಕಟ್ಟಿದ ಬಹುತೇಕರನ್ನು ಸೇರಿಸಿಕೊಳ್ಳುವ ಕಾರ್ಯಕ್ರಮಗಳೂ ಇವೆ. ಎರಡನೆಯ ಬಗೆಯಲ್ಲಿ ಒಳ್ಳೆಯ ಶಿಕ್ಷಕರು ಸಿಗಬಾರದೆಂದೇನೂ ಇಲ್ಲ, ಆದರೆ ಅದರಿಂದ ಆ ವಿಶ್ವವಿದ್ಯಾಲಯದ ಪ್ರವೇಶ ಸುಲಭವಾಗುತ್ತದೆ ಎಂದು ನಂಬಿ ನಿಮ್ಮ ಮನೆಯವರು ಸಾಲ ಮಾಡುವುದು ಬೇಡ. ಟೆನೆಸ್ಸಿಯ ಸಿವಾನಿಯಲ್ಲಿ ನಡೆಯುವ ಯಂಗ್ ರೈಟರ್ಸ್ ಕಾನ್ಫರೆನ್ಸ್ ಮತ್ತು 1982ರಲ್ಲಿ ಆರಂಭವಾದ ವರ್ಜೀನಿಯಾ ವಿಶ್ವವಿದ್ಯಾಲಯದ ಯಂಗ್ ರೈಟರ್ಸ್ ವರ್ಕ್‌ಶಾಪ್ ಬಗ್ಗೆಯೂ ವಿಚಾರಿಸಿ ನೋಡಿ. ವಯಸ್ಸು ಮತ್ತು ತರಗತಿಯ ನಿಯಮಗಳು ಬೇರೆ ಬೇರೆಯಾಗಿರುವುದರಿಂದ ಆ ವರ್ಷದ ಪ್ರಕಟಣೆಯನ್ನೇ ಆಧಾರವಾಗಿಟ್ಟುಕೊಳ್ಳಿ.

ವಸತಿ ಕಾರ್ಯಕ್ರಮಗಳ ಶುಲ್ಕ ಎರಡು ವಾರಕ್ಕೇ ಸಾವಿರಾರು ಡಾಲರ್ ಆಗುತ್ತದೆ. ಈ ಕಾರಣಕ್ಕೆ ಅರ್ಜಿಯನ್ನೇ ಹಾಕದೆ ಸುಮ್ಮನಾದ ಪ್ರತಿಭಾವಂತರನ್ನು ನಾನು ಬಲ್ಲೆ, ಅದು ನನಗೆ ಇಂದಿಗೂ ನೋವಿನ ಸಂಗತಿ. ಹಲವು ಕಾರ್ಯಕ್ರಮಗಳಲ್ಲಿ ಆರ್ಥಿಕ ನೆರವು ಇರುತ್ತದೆ, ಆದರೆ ಅದಕ್ಕೆ ಪ್ರತ್ಯೇಕ ಅರ್ಜಿ, ಪೋಷಕರ ಆದಾಯದ ದಾಖಲೆ ಮತ್ತು ಕೆಲವೊಮ್ಮೆ ಬೇರೆಯದೇ ಗಡುವು ಇರಬಹುದು. ನೆರವು ಕೇಳಿದರೆ ಆಯ್ಕೆಗೆ ತೊಂದರೆಯಾಗುತ್ತದೆಯೇ ಎಂಬ ಸಂಶಯವಿದ್ದರೆ ಕಚೇರಿಗೆ ನೇರವಾಗಿ ಬರೆದು ಕೇಳಿ. ಅಂಥ ಪತ್ರವನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಹಣದ ವ್ಯವಸ್ಥೆ ಆಗದಿದ್ದರೆ ಆನ್‌ಲೈನ್ ತರಗತಿಗಳನ್ನೂ ಪರಿಗಣಿಸಬಹುದು.

ಅಂಕಪಟ್ಟಿಯನ್ನು ಶಾಲೆಯ ಕಚೇರಿ ಕಳುಹಿಸುತ್ತದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಿಫಾರಸು ಪತ್ರಕ್ಕೆ ಮಾತ್ರ ಈ ವಾರವೇ ನಿಮ್ಮ ಇಂಗ್ಲಿಷ್ ಶಿಕ್ಷಕರನ್ನು ಕೇಳಿ. ನಿಮಗೆ ಅತಿ ಹೆಚ್ಚು ಅಂಕ ಕೊಟ್ಟವರಿಗಿಂತ, ನೀವು ಒಂದು ಬರಹವನ್ನು ಮತ್ತೆ ಮತ್ತೆ ತಿದ್ದಿ ತಂದದ್ದನ್ನು ನೋಡಿದವರು ಉತ್ತಮ. ಕೇಳಲು ಹೋಗುವಾಗ ಅಜ್ಜನ ಕಥೆಯ ಒಂದು ಪ್ರತಿಯನ್ನು ಅವರ ಕೈಗೆ ಕೊಡಿ. ಅದನ್ನು ಓದಿದ ಮೇಲೆ ಅವರು ಬರೆಯುವ ಪತ್ರ ನಿಮ್ಮ ಹಸ್ತಪ್ರತಿಯ ಬಗ್ಗೆಯೇ ಮಾತಾಡುತ್ತದೆ.