ಅಂಗೈ ಬೊಬ್ಬೆ ಟೀಮಿಗೆ ಕಂಡಿಲ್ಲ

ಪ್ರಶ್ನೆ: ನನಗೆ 17 ವರ್ಷ, ಸೆಕೆಂಡ್ ಪಿಯುಸಿ. ಕಾಲೇಜಿನ ಬಾಸ್ಕೆಟ್‌ಬಾಲ್ ಟೀಮಿನಲ್ಲಿದ್ದೇನೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿದ್ದರು. ಮೂರು ತಿಂಗಳಿಂದ ದಮ್ಮು ಜಾಸ್ತಿಯಾಗಿ ಮನೆಯಲ್ಲಿದ್ದಾರೆ, ಮೆಡಿಕಲ್ ಶಾಪಿನ ಮಾತ್ರೆಯೇ ಗತಿ. ಬೆಳಗಿನ ಜಾವ ಅವರ ಬದಲು ನಾನು ಹೋಗುತ್ತೇನೆ. ಕಾದ ಮರಳು ತಾಗಿ ಅಂಗೈ ತುಂಬ ಬೊಬ್ಬೆ. ಪ್ರಾಕ್ಟೀಸ್ ತಪ್ಪುತ್ತಿದೆ. ಕಾರಣ ಯಾರಿಗೂ ಹೇಳಿಲ್ಲ. ಹೋದ ಮ್ಯಾಚಿನಲ್ಲಿ ಕ್ಯಾಪ್ಟನ್ ರಿಂಗ್ ಕೆಳಗೆ ಖಾಲಿ ನಿಂತಿದ್ದ. ನಾನೇ ಶಾಟ್ ಹೊಡೆದೆ, ಬೀಳಲಿಲ್ಲ, ಸೋತೆವು. ಈಗ ಯಾರೂ ಪಾಸ್ ಕೊಡುವುದಿಲ್ಲ. ಅಮ್ಮ ಆಟ ಬಿಡು ಅನ್ನುತ್ತಾರೆ. ರಾಜ್ಯ ಟೀಮಿಗೆ ಸೇರಿದರೆ ಕೆಲಸ ಸಿಗುತ್ತದೆ ಅನ್ನುವುದು ನನ್ನ ಆಸೆ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಆ 'ಯಾರಿಗೂ ಹೇಳಿಲ್ಲ' ಅನ್ನುವ ಮಾತಿನ ಹತ್ತಿರ ನಾನು ನಿಂತುಬಿಟ್ಟೆ ಕಣಪ್ಪ.

ಟೀಮಿನವರ ಕಡೆಯಿಂದ ನೋಡು. ಹುಡುಗ ಪ್ರಾಕ್ಟೀಸಿಗೆ ಬರುವುದಿಲ್ಲ, ಮ್ಯಾಚಿನ ದಿನ ಬಂದು ಬಾಲ್ ಬಿಟ್ಟುಕೊಡುವುದಿಲ್ಲ. ಕೊಬ್ಬು ಅಂದುಕೊಳ್ಳದೆ ಇನ್ನೇನು ಅಂದುಕೊಂಡಾರು? ಅವರಿಗೆ ನಿನ್ನ ಅಂಗೈ ಕಂಡಿಲ್ಲ. ಭಟ್ಟಿಯ ಮುಂದೆ ಒಮ್ಮೆ ನಿಂತಿದ್ದೇನೆ. ಕಾದ ಮರಳಿಗೆ ಬಿದ್ದ ಅಕ್ಕಿ ಚಟಪಟ ಅರಳಿ ಜರಡಿಗೆ ಬರುವಷ್ಟರಲ್ಲಿ ನನ್ನ ಮುಖವೇ ಉರಿಯುತ್ತಿತ್ತು. (ಸಂಜೆ ಮಿರ್ಚಿ ಜತೆ ಮಂಡಕ್ಕಿ ಮುಕ್ಕುವಾಗ ನಮಗ್ಯಾರಿಗೂ ಇದು ನೆನಪಾಗಲ್ಲ, ಬಿಡು.)

ನಿಮ್ಮ ಆಟದಲ್ಲೇ ರೂಲ್ ಇದೆ, ಅಲ್ವಾ? ಎದುರಾಳಿ ಒಂದು ಮೀಟರಿನೊಳಗೆ ಬಂದು ತಡೆದಾಗ 5 ಸೆಕೆಂಡಿನೊಳಗೆ ಪಾಸ್, ಶಾಟ್ ಇಲ್ಲವೇ ಡ್ರಿಬಲ್ ಮಾಡಬೇಕು. ಮಾಡದಿದ್ದರೆ ಬಾಲ್ ಅವರದು. ನೀನು ಮನೆಯ ವಿಷಯವನ್ನು ಮೂರು ತಿಂಗಳು ಹಿಡಿದುಕೊಂಡು ನಿಂತಿದ್ದೀಯ.

ನಾಳೆ ಕೋಚ್ ಹತ್ತಿರ ಒಬ್ಬನೇ ಹೋಗಿ ಎಲ್ಲ ಹೇಳು. ಕ್ಯಾಪ್ಟನ್‌ಗೆ ಮಾತ್ರ ಮೊದಲು, 'ನೀನು ಖಾಲಿ ಇದ್ದೆ, ನಾನು ಕೊಡಬೇಕಿತ್ತು' ಅನ್ನು. ಅಪ್ಪನ ವಿಷಯ ಆಮೇಲೆ. ಹಿಂದುಮುಂದಾದರೆ ನೆಪ ಹೇಳಿದ ಹಾಗೆ ಕೇಳುತ್ತದೆ.

ಕ್ರೀಡಾ ಕೋಟಾ ಇರುವುದು ನಿಜ. ಅದನ್ನೇ ನೆಚ್ಚಿಕೊಂಡು ಸಿಕ್ಕ ಬಾಲೆಲ್ಲ ರಿಂಗಿಗೆ ಎಸೆಯುತ್ತಿದ್ದೀಯ ಅನ್ನಿಸುತ್ತದೆ. ಬುಟ್ಟಿ ಬೀಳಿಸಿದವನ ಜತೆ, ಪಾಸ್ ಕೊಟ್ಟವನಿಗೂ ಅಸಿಸ್ಟ್ ಅಂತ ಲೆಕ್ಕ ಬರೆಯುತ್ತಾರೆ. ಓದು ಮಾತ್ರ ಬಿಡಬೇಡ.

ನಿಜ ಹೇಳಲಾ, ಆಟಕ್ಕಿಂತ ನನಗೆ ಭಟ್ಟಿಯದೇ ಚಿಂತೆ. ಅಪ್ಪನ ಎದೆ ಈ ಸ್ಥಿತಿಗೆ ಬಂದಮೇಲೂ ಅದೇ ಹೊಗೆಗೆ ನೀನು ಹೋಗುತ್ತೀಯಲ್ಲ, ನಿನ್ನದೇನು ಕಬ್ಬಿಣದ್ದಾ? 18 ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಅಂತ ಕಾನೂನೇ ಇದೆ. ಸಂಜೆ ಹೊತ್ತು ಚೀಲ ತುಂಬುವುದೋ, ಅಂಗಡಿಗೆ ಹಾಕುವುದೋ ಇದ್ದರೆ ಕೊಡಿ ಅಂತ ಅಮ್ಮನಿಂದ ಮಾಲೀಕರನ್ನು ಕೇಳಿಸು. ಕೂಲಿ ಕಮ್ಮಿಯಾಗುತ್ತದೆ, ಗೊತ್ತು. ಅಪ್ಪನನ್ನು ಈ ವಾರವೇ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗು. ಬಿಪಿಎಲ್ ಕಾರ್ಡ್ ಮರೆಯಬೇಡ.

ಅಮ್ಮನ ಜತೆ ಸುಮ್ನೆ ವಾದಕ್ಕೆ ಇಳಿಯಬೇಡ. ನೀನು ಆಡುವುದನ್ನು ಅವರು ಒಂದು ಸಲವಾದರೂ ನೋಡಿದ್ದಾರಾ? ಕಾಗದದಲ್ಲಿ ಬರೆದಿಲ್ಲ. ಮುಂದಿನ ಮ್ಯಾಚಿಗೆ ಕರೆದುಕೊಂಡು ಬಂದು ಕೂರಿಸು.