ಬೆಟ್ಟದ ಬಾಯಿ ಹತ್ತಿರ ಎಷ್ಟು ಹೊತ್ತು?

ಈ ತಿಂಗಳ ಚಾರಣ ಪ್ರಶ್ನೋತ್ತರದಲ್ಲಿ ಬರೀ ಜ್ವಾಲಾಮುಖಿಗಳದ್ದೇ ಮಾತು. ಬೆಳಿಗ್ಗೆ ಹತ್ತಿ ಸಂಜೆಯೊಳಗೆ ಇಳಿದುಬರಬಹುದಾದ ಜೀವಂತ ಜ್ವಾಲಾಮುಖಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ನಾನು ಭೂವಿಜ್ಞಾನ ಓದಿದವಳು, ಇಂಥ ಬೆಟ್ಟಗಳಿಗೆ ಗುಂಪು ಕಟ್ಟಿಕೊಂಡು ಹೋಗುವುದೇ ನನ್ನ ಕೆಲಸ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ.

ಮೇಡಂ, ನಾವು ನಾಲ್ವರು ಗೆಳೆಯರು ಒಂದು ಜೀವಂತ ಜ್ವಾಲಾಮುಖಿ ಹತ್ತಿ ಅದೇ ದಿನ ಇಳಿಯಬೇಕು ಅಂತಿದ್ದೇವೆ. ವೆಬ್‌ಸೈಟಿನಲ್ಲಿ ಎಚ್ಚರಿಕೆ ಮಟ್ಟ 1 ಅಂತ ತೋರಿಸುತ್ತಿದೆ. ಐದರಲ್ಲಿ ಒಂದು ಅಂದರೆ ಧೈರ್ಯವಾಗಿ ಹೋಗಬಹುದು ಅಲ್ವಾ?

ಹೋಗಬಹುದು. ಆದರೆ ಆ ಅಂಕಿ ನೋಡಿ ಧೈರ್ಯ ತಂದುಕೊಳ್ಳಬೇಡಿ.

ಜಪಾನಿನ ಒಂಟಾಕೆ 3,067 ಮೀಟರ್ ಎತ್ತರದ ಬೆಟ್ಟ. 2014ರ ಸೆಪ್ಟೆಂಬರ್ 27, ಶನಿವಾರ. ಎಲೆಗಳು ಕೆಂಪಾಗುವ ಕಾಲ, ಒಳ್ಳೆ ಬಿಸಿಲು, ಬೆಟ್ಟದ ತುಂಬ ಜನ. ಎಚ್ಚರಿಕೆ ಮಟ್ಟ 1 ಇತ್ತು. ಬೆಳಿಗ್ಗೆ 11 ಗಂಟೆ 52 ನಿಮಿಷಕ್ಕೆ ಬೆಟ್ಟ ಸ್ಫೋಟಿಸಿತು. 58 ಜನ ಸತ್ತರು, ಇನ್ನೂ 5 ಜನ ಸಿಗಲೇ ಇಲ್ಲ. ಮಟ್ಟ 1ಕ್ಕೆ ಕೊಟ್ಟಿದ್ದ ವಿವರಣೆಯಲ್ಲಿ ‘ಸಾಮಾನ್ಯ’ ಅಂತ ಇದ್ದದ್ದನ್ನು ಮುಂದಿನ ವರ್ಷ ಜಪಾನ್ ತೆಗೆದುಹಾಕಿತು.

ಅಲ್ಲಿ ಲಾವಾ ಉಕ್ಕಲಿಲ್ಲ. ಬೆಟ್ಟದೊಳಗಿನ ನೀರು ಕಾದು ಹಬೆಯಾಗಿ, ಒತ್ತಡ ತಡೆಯಲಾರದೆ ಮೇಲಿನ ಬಂಡೆಯನ್ನೇ ಒಡೆದುಕೊಂಡು ಹೊರಬಂತು. ಕರಗಿದ ಕಲ್ಲು ಕೆಳಗಿನಿಂದ ಏರಿ ಬರುವಾಗ ಸಾಮಾನ್ಯವಾಗಿ ದಿನಗಟ್ಟಲೆ, ವಾರಗಟ್ಟಲೆ ನೆಲ ಕಂಪಿಸುತ್ತದೆ, ಬೆಟ್ಟ ಉಬ್ಬುತ್ತದೆ. ಉಪಕರಣಗಳಿಗೆ ಅದು ಗೊತ್ತಾಗುತ್ತದೆ. ಹಬೆಯ ಸ್ಫೋಟ ಅಷ್ಟು ಸುಳಿವು ಕೊಡುವುದಿಲ್ಲ. ಒಂಟಾಕೆ ಉಬ್ಬಿದ್ದು ಉಪಕರಣಕ್ಕೆ ಕಾಣಿಸಿದ್ದು ಸ್ಫೋಟಕ್ಕೆ ಕೆಲವೇ ನಿಮಿಷ ಮುಂಚೆ. ಆದರೆ ಎರಡು ವಾರದ ಹಿಂದೆಯೇ ಅಲ್ಲಿ ಸಣ್ಣ ಕಂಪನಗಳು ಜಾಸ್ತಿಯಾಗಿದ್ದವು. ಮಟ್ಟ ಏರಿಸಿರಲಿಲ್ಲ ಅಷ್ಟೇ. ಅದಕ್ಕೇ ನಾನು ಹೇಳುವುದು, ಮಟ್ಟದ ಕೆಳಗೆ ಬರೆದಿರುವ ವಿವರವನ್ನೂ ಓದಿ. ಈಚೆಗೆ ಕಂಪನ ಹೆಚ್ಚಿದೆಯಾ, ಹಬೆ ಹೆಚ್ಚಿದೆಯಾ, ಕುಳಿಯಿಂದ ಎಷ್ಟು ದೂರ ಇರಬೇಕು ಅಂತ ಹೇಳಿದ್ದಾರೆ, ಇವನ್ನು ನೋಡಿ.

ಇನ್ನೊಂದು ವಿಷಯ. ಎಲ್ಲ ದೇಶಗಳ ಅಂಕಿಗಳೂ ಒಂದೇ ಅಲ್ಲ. ಜಪಾನಿನಲ್ಲಿ 1ರಿಂದ 5, ನ್ಯೂಜಿಲೆಂಡಿನಲ್ಲಿ 0ಯಿಂದ 5, ಇಂಡೊನೇಷ್ಯಾದಲ್ಲಿ 1ರಿಂದ 4. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ಸ್ಫೋಟವಾದಾಗ ಮಟ್ಟ 2 ಇತ್ತು. ದ್ವೀಪದ ಮೇಲಿದ್ದ 47 ಜನರಲ್ಲಿ 22 ಜನ ಪ್ರಾಣ ಕಳೆದುಕೊಂಡರು. ಸುಮಾತ್ರಾದ ಮರಾಪಿಯಲ್ಲೂ (ಜಾವಾದ ಮೆರಾಪಿ ಬೇರೆ, ಗೊಂದಲ ಮಾಡಿಕೊಳ್ಳಬೇಡಿ) 2023ರ ಡಿಸೆಂಬರ್ 3ರಂದು ಮಟ್ಟ 2 ಇತ್ತು. ಕುಳಿಯಿಂದ 3 ಕಿಲೋಮೀಟರ್ ಒಳಗೆ ಯಾರೂ ಹೋಗಬಾರದು ಅಂತ ಹೇಳಿದ್ದರು. ಆದರೂ ಜನ ಹತ್ತಿದ್ದರು, 24 ಚಾರಣಿಗರು ಸತ್ತರು. ಆ ‘3 ಕಿಲೋಮೀಟರ್’ ಇದೆಯಲ್ಲ, ನಿಮಗೆ ಬೇಕಾದ ಮಾಹಿತಿ ಅದು.

ಹೊರಡುವ ವಾರ ಒಮ್ಮೆ, ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಶೂ ಹಾಕುವ ಮುಂಚೆ ಒಮ್ಮೆ ಆ ದೇಶದ ಜ್ವಾಲಾಮುಖಿ ನಿಗಾ ಕೇಂದ್ರದ ಪುಟ ನೋಡಿ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಮತ್ತು ಅಲ್ಲಿನ ಭೂವಿಜ್ಞಾನ ಇಲಾಖೆ ಸೇರಿ ಜಗತ್ತಿನ ಜ್ವಾಲಾಮುಖಿ ಚಟುವಟಿಕೆಗಳ ವರದಿಯನ್ನು ವಾರಕ್ಕೊಮ್ಮೆ ಕೊಡುತ್ತವೆ. ಅದೂ ಓದುವಂತಿರುತ್ತದೆ.

ತುದಿಯಲ್ಲಿ ಕೂತು ಊಟ ಮಾಡಿ, ಸ್ವಲ್ಪ ಹೊತ್ತು ಮಲಗಿ ಎದ್ದು ಇಳಿಯುವ ಆಸೆ ನನ್ನದು. ಎಷ್ಟು ಸಮಯ ಇಟ್ಟುಕೊಳ್ಳಲಿ?

ಊಟವನ್ನು ಕೆಳಗೆ ಇಳಿದ ಮೇಲೆ ಮಾಡಿ. ನಿಮ್ಮ ಪತ್ರ ಓದಿದಾಗ ಮೊದಲು ಇದಕ್ಕೇ ಉತ್ತರ ಬರೆಯಬೇಕು ಅನ್ನಿಸಿತು.

ಜೀವಂತ ಜ್ವಾಲಾಮುಖಿಯ ಅಪಾಯ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕುಳಿಯ ಸುತ್ತಲಿನ ಮೊದಲ ಒಂದೆರಡು ಕಿಲೋಮೀಟರಿನಲ್ಲಿ ಅದು ಜಾಸ್ತಿ. ಹಾರಿಬರುವ ಕಲ್ಲುಗಳಲ್ಲಿ ಹೆಚ್ಚಿನವು ಬೀಳುವುದು ಅಲ್ಲೇ. ಬೆಟ್ಟ ಯಾವ ಗಳಿಗೆಯಲ್ಲಿ ಏನು ಮಾಡುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅದರ ಬಾಯಿ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತೀರಿ ಅನ್ನುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಹತ್ತು ನಿಮಿಷ ನಿಂತವರಿಗಿಂತ ಎರಡು ಗಂಟೆ ಕೂತವರು ಹನ್ನೆರಡು ಪಟ್ಟು ಹೊತ್ತು ಅಪಾಯಕ್ಕೆ ಒಡ್ಡಿಕೊಂಡಿರುತ್ತಾರೆ. ಲೆಕ್ಕ ಅಷ್ಟು ಸರಳ. ಒಂಟಾಕೆಯಲ್ಲಿ ಅಷ್ಟು ಜನ ಸತ್ತದ್ದಕ್ಕೆ ಒಂದು ಕಾರಣ ಊಟದ ಹೊತ್ತು. ತುದಿ ಮುಟ್ಟಿದವರು ಬುತ್ತಿ ಬಿಚ್ಚಿಕೊಂಡು ಅಲ್ಲಿಯೇ ಕೂತಿದ್ದರು.

ನನ್ನ ಗುಂಪಿನಲ್ಲಿ ನಾನು ಮಾಡುವುದು ಹೀಗೆ. ಕುಳಿಗೆ ಸಾಕಷ್ಟು ದೂರದಲ್ಲೇ ಒಂದು ಕಡೆ ನಿಲ್ಲಿಸುತ್ತೇನೆ. ಅಲ್ಲೇ ತಿನ್ನುವುದು, ಕುಡಿಯುವುದು, ಜಾಕೆಟ್ ಹಾಕುವುದು, ಹೆಲ್ಮೆಟ್ ಬಿಗಿ ಮಾಡಿಕೊಳ್ಳುವುದು, ಕ್ಯಾಮೆರಾ ಹೊರಗೆ ತೆಗೆಯುವುದು. ಮೇಲೆ ಹೋಗಿ ಬ್ಯಾಗು ಕೆದಕುತ್ತಾ ಕೂರುವ ಹಾಗಿಲ್ಲ. ಮೇಲೆ ಹೋದ ಮೇಲೆ ಕಣ್ತುಂಬ ನೋಡಿ, ಫೋಟೊ ತೆಗೆದು, ಹೊರಟುಬಿಡುತ್ತೇವೆ. ಇಷ್ಟು ಗಂಟೆಗೆ ವಾಪಸ್ ಅಂತ ಕೆಳಗೇ ನಿಶ್ಚಯ ಮಾಡಿರುತ್ತೇವೆ. ಆ ಹೊತ್ತಿಗೆ ತುದಿ ಸಿಗದಿದ್ದರೂ ತಿರುಗುತ್ತೇವೆ. ಮಲಗುವ ಆಸೆ ಇದ್ದರೆ ಕೆಳಗಿನ ಕಾಡಿನ ನೆರಳಿನಲ್ಲಿ ಮಲಗಿ, ನಾನೂ ಬಂದು ಮಲಗುತ್ತೇನೆ!

2025ರಲ್ಲಿ ಇಟಲಿಯ ಎಟ್ನಾದಲ್ಲಿ ಜನ ಓಡಿ ಇಳಿಯುವ ವಿಡಿಯೊ ನೋಡಿದೆ. ಸ್ಫೋಟ ಆದರೆ ಹಾಗೆ ಓಡಿದರೆ ತಪ್ಪಿಸಿಕೊಳ್ಳಬಹುದಾ?

2025ರ ಜೂನ್ 2ರ ವಿಡಿಯೊ ಅದು. ಕುಳಿಯ ಒಂದು ಪಕ್ಕ ಕುಸಿದು ಬಿಸಿ ಬೂದಿ, ಅನಿಲ, ಕಲ್ಲುಗಳ ಪ್ರವಾಹ ಹರಿಯಿತು. ಅದು ಕಣಿವೆಯ ಅಂಚು ದಾಟಲಿಲ್ಲ, ಜನ ಅದರ ದಾರಿಯಲ್ಲಿ ಇರಲಿಲ್ಲ. ಅದಕ್ಕೇ ಉಳಿದರು. ಅಂಥ ಪ್ರವಾಹ ಗಂಟೆಗೆ 80 ಕಿಲೋಮೀಟರಿಗಿಂತ ಜೋರಾಗಿ ಬರುತ್ತದೆ. ಅದರ ದಾರಿಯಲ್ಲಿ ಇದ್ದವರು ಯಾರೂ ಓಡಿ ಗೆಲ್ಲಲಾರರು.

ಅದು ಹರಿಯುವುದು ಹೆಚ್ಚಾಗಿ ಹಳ್ಳ, ಕಣಿವೆ ಹಿಡಿದು. ಹಾಗಾಗಿ ನಿಲ್ಲುವುದು, ಕೂರುವುದು, ಇಳಿಯುವುದು ಎಲ್ಲ ದಿಣ್ಣೆಯ ಮೇಲೆ ಇರಲಿ. ಹಳ್ಳ ದಾಟಬೇಕಾದರೆ ಬೇಗ ದಾಟಿ. ಮಳೆ ಬಂದಾಗ ಸ್ಫೋಟ ಇಲ್ಲದೆಯೂ ಹಳೆ ಬೂದಿ ಕೆಸರಾಗಿ ಇದೇ ಹಳ್ಳಗಳಲ್ಲಿ ನುಗ್ಗುತ್ತದೆ. 1953ರ ಡಿಸೆಂಬರ್ 24ರ ರಾತ್ರಿ ನ್ಯೂಜಿಲೆಂಡಿನ ರುಆಪೆಹು ಬೆಟ್ಟದ ಕುಳಿಯ ಕೆರೆ ಒಡೆಯಿತು. ಆಗ ಸ್ಫೋಟವೇನೂ ಆಗಿರಲಿಲ್ಲ. ಕೆಸರಿನ ಹೊಳೆ ಟಾಂಗಿವಾಯಿಯ ರೈಲು ಸೇತುವೆಯನ್ನು ಹಾಳು ಮಾಡಿತು. ಮೇಲೆ ಬಂದ ರೈಲು ಬಿದ್ದು 151 ಜನ ಸತ್ತರು.

ಕಲ್ಲು ಹಾರಿಬಂದರೆ ಏನು ಮಾಡಬೇಕು ಅನ್ನುವುದು ಬೇರೆ. ಬೆನ್ನು ತಿರುಗಿಸಿ ಓಡಬೇಡಿ. ಮೊದಲ ಕೆಲವು ಸೆಕೆಂಡು ಮೇಲೆ ನೋಡಿ. ದೊಡ್ಡ ಕಲ್ಲು ಬರುವುದು ಕಾಣುತ್ತದೆ, ಪಕ್ಕಕ್ಕೆ ಸರಿಯಬಹುದು. ಆಮೇಲೆ ದೊಡ್ಡ ಬಂಡೆಯ ಮರೆಗೆ ಹೋಗಿ, ಕುಳಿಯ ಕಡೆಗೆ ಬಂಡೆ ಇರುವಂತೆ ಮುದುಡಿ ಕೂತು, ಬ್ಯಾಗನ್ನು ತಲೆ ಮತ್ತು ಕುತ್ತಿಗೆ ಮೇಲೆ ಹಿಡಿದುಕೊಳ್ಳಿ. ಕಲ್ಲಿನ ಮಳೆ ಸ್ವಲ್ಪ ಬಿಡುವು ಕೊಟ್ಟ ತಕ್ಷಣ ಅಲ್ಲಿಂದ ದೂರ ಹೊರಡಿ. ವಿಡಿಯೊ ಮಾಡಲು ನಿಲ್ಲಬೇಡಿ, ದಯವಿಟ್ಟು.

ಗುಡಿಸಲು ಇದ್ದರೆ ಸಾಕು ಅಂದುಕೊಳ್ಳಬೇಡಿ. 2012ರ ಆಗಸ್ಟ್ 6ರ ರಾತ್ರಿ ನ್ಯೂಜಿಲೆಂಡಿನ ಟೊಂಗರಿರೊ ಬೆಟ್ಟದ ತೆ ಮಾರಿ ಕುಳಿ ಸ್ಫೋಟಿಸಿದಾಗ ಒಂದು ಕಿಲೋಮೀಟರಿಗಿಂತ ಆಚೆ ಇದ್ದ ಕೆಟೆಟಾಹಿ ಗುಡಿಸಲಿನ ಸೂರನ್ನು ಕಲ್ಲುಗಳು ತೂತು ಮಾಡಿದವು. ಅದೇ ವರ್ಷ ನವೆಂಬರ್ 21ರಂದು ಮತ್ತೆ ಸ್ಫೋಟ. ಈ ಸಲ ಹಗಲು, ದಾರಿಯಲ್ಲಿ ಚಾರಣಿಗರಿದ್ದರು. ಅದಕ್ಕೇ ಹತ್ತುವಾಗಲೇ ಅಕ್ಕಪಕ್ಕ ನೋಡುತ್ತಾ ಹೋಗುವುದು ನನಗೆ ಅಭ್ಯಾಸ. ಈಗ ಏನಾದರೂ ಆದರೆ ಆ ಬಂಡೆಯ ಹಿಂದೆ, ಇನ್ನು ಸ್ವಲ್ಪ ಮುಂದೆ ಹೋದರೆ ಈ ದಿಣ್ಣೆಯ ಆಚೆ. ಜೊತೆಯವರಿಗೂ ಕೈ ತೋರಿಸಿ ಹೇಳುತ್ತೇನೆ.

ನನಗೆ ಅಸ್ತಮಾ ಇದೆ, ಜಾಸ್ತಿ ಏನಲ್ಲ. ಎನ್95 ಮಾಸ್ಕ್ ಹಾಕಿಕೊಂಡು ಕುಳಿಯ ಅಂಚಿಗೆ ಹೋಗಬಹುದಾ?

ಎನ್95 ಬೂದಿಯನ್ನು ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಅನಿಲಕ್ಕೆ ಅದನ್ನು ಸೋಸುವ ಡಬ್ಬಿ ಇರುವ ಮುಖವಾಡ ಬೇಕು. ಅದು ಮುಖಕ್ಕೆ ಸರಿಯಾಗಿ ಕೂರಬೇಕು, ಗಡ್ಡ ಇದ್ದರೆ ಕೂರುವುದಿಲ್ಲ.

ಜಾವಾದ ಇಜೆನ್ ಕುಳಿಯಲ್ಲಿ ಗಂಧಕ ಅಗೆಯುವವರು ಬಿದಿರಿನ ಬುಟ್ಟಿಗಳಲ್ಲಿ ಹಳದಿ ಗಂಧಕದ ಗಟ್ಟಿಗಳನ್ನು ಹೊತ್ತು ಮೇಲೆ ಬರುತ್ತಾರೆ. ಎಷ್ಟೋ ಜನರ ಬಾಯಲ್ಲಿ ಒದ್ದೆ ಬಟ್ಟೆ. ನಾನು ಅಲ್ಲಿ ನಿಂತಿದ್ದಾಗ ಗಾಳಿ ನಮ್ಮ ಕಡೆ ತಿರುಗಿತು. ಬಿಳಿ ಹೊಗೆ ಬಂದು ಸುತ್ತಿಕೊಂಡಿತು. ಮೊದಲು ಬೆಂಕಿಕಡ್ಡಿ ಗೀರಿದಂಥ ಚುರುಕು ವಾಸನೆ. ಮರುಕ್ಷಣ ಗಂಟಲು ತಾನಾಗಿಯೇ ಮುಚ್ಚಿಕೊಂಡಿತು, ಕಣ್ಣು ಬಿಡಲಾಗಲಿಲ್ಲ, ಉಸಿರು ಎಳೆದುಕೊಂಡಷ್ಟೂ ಕೆಮ್ಮು. ನನಗೆ ಅಸ್ತಮಾ ಇಲ್ಲ. ಗಂಧಕದ ಡೈಆಕ್ಸೈಡ್ ಸ್ವಲ್ಪವೇ ಇದ್ದರೂ ಅಸ್ತಮಾ ಇರುವವರ ಶ್ವಾಸನಾಳ ಬಿಗಿಯುತ್ತದೆ. ನೀವು ಅಂಚಿಗೆ ಹೋಗುವುದು ಬೇಡ. ಹೊಗೆ ಇಲ್ಲದ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬೀಸುವ ದೂರದ ದಿಣ್ಣೆಯಿಂದ ನೋಡಿ. ಅದಕ್ಕೂ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಇನ್ಹೇಲರ್ ಜೇಬಿನಲ್ಲಿರಲಿ, ಬ್ಯಾಗಿನ ತಳದಲ್ಲಲ್ಲ.

ಉಳಿದವರಿಗೂ ಒಂದು ಮಾತು. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತರೆ ಅನಿಲ ಹೋಯಿತು ಅಂತ ತಿಳಿಯಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್‌ಗಂತೂ ವಾಸನೆಯೇ ಇಲ್ಲ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಮ್ಯಾಮತ್ ಬೆಟ್ಟದಲ್ಲಿ 2006ರಲ್ಲಿ ಹಿಮದ ಕೆಳಗೆ ಅನಿಲ ಬರುತ್ತಿದ್ದ ಒಂದು ಗುಂಡಿಯ ಬಳಿ ಮೂವರು ಸ್ಕೀ ಕಾವಲುಗಾರರು ಸತ್ತರು. ಮೊದಲು ಇಬ್ಬರು ಒಳಗೆ ಬಿದ್ದರು, ಮೂರನೆಯವರು ಅವರನ್ನು ಉಳಿಸಲು ಇಳಿದವರು. ಗುಂಡಿಯಲ್ಲಿ ಯಾರಾದರೂ ಕುಸಿದು ಬಿದ್ದರೆ ಸುಮ್ನೆ ಇಳಿಯಬೇಡಿ. ಗಾಳಿಯಿಲ್ಲದ ದಿನ ತಗ್ಗಿನಲ್ಲಿ ಕೂತು ಸುಧಾರಿಸಿಕೊಳ್ಳಲೂ ಬೇಡಿ.

ಏನೇನು ಕಟ್ಟಿಕೊಂಡು ಹೋಗಬೇಕು? ಮಾಮೂಲಿ ಟ್ರೆಕ್ಕಿಂಗ್ ಸಾಮಾನು ಸಾಲದಾ?

ಬಹುಪಾಲು ಸಾಕು. ಬೇರೆ ಬೇಕಾದದ್ದು ಇಷ್ಟು.

ಹೆಲ್ಮೆಟ್. ಬೂದಿಗೆ ಎನ್95. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ. ಜ್ವಾಲಾಮುಖಿಯ ಬೂದಿ ಒಲೆಯ ಬೂದಿಯಲ್ಲ, ಅದು ಪುಡಿಯಾದ ಕಲ್ಲು ಮತ್ತು ಗಾಜು. ಕಣ್ಣಿಗೆ ಬಿದ್ದಾಗ ಉಜ್ಜಿದರೆ ಗೀರುತ್ತದೆ. ನೀರಿನಿಂದ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಆ ದಿನ ಕನ್ನಡಕವನ್ನೇ ಹಾಕಿಕೊಳ್ಳಿ.

ಹಗಲು ಹೊತ್ತಿನ ಚಾರಣವಾದರೂ ತಲೆಗೆ ಕಟ್ಟುವ ಟಾರ್ಚ್ ಇರಲಿ. ಬೂದಿ ಕವಿದರೆ ಮಧ್ಯಾಹ್ನವೂ ಕತ್ತಲೆ. ಒಂಟಾಕೆಯಲ್ಲಿ ಹಾಗೇ ಆಯಿತು.

ಉದ್ದ ಪ್ಯಾಂಟು, ಗಟ್ಟಿ ಕೈಗವಸು. ತಣ್ಣಗಾದ ಲಾವಾದ ಮೇಲೆ ಎಡವಿ ಕೈ ಊರಿದರೆ ಅಂಗೈ ಸೀಳುತ್ತದೆ. ಕಣಕಾಲು ಮುಚ್ಚುವ ಶೂ, ಮೇಲೆ ಕಲ್ಲು ಒಳಗೆ ಬಾರದಂತೆ ಕಾಲಿಗೆ ಕಟ್ಟುವ ಬಟ್ಟೆ. ಸಡಿಲ ಕರಿ ಕಲ್ಲಿನ ಇಳಿಜಾರಿನಲ್ಲಿ ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಕೆಳಗೆ ಜಾರುತ್ತೀರಿ. ಅದಕ್ಕೇ ಕಿಲೋಮೀಟರ್ ಲೆಕ್ಕ ನೋಡಿ ಸಮಯ ಅಂದಾಜು ಮಾಡಬೇಡಿ. ಇಳಿಯುವಾಗ ಒಬ್ಬರ ಹಿಂದೆ ನೇರ ಇನ್ನೊಬ್ಬರು ಇಳಿಯಬೇಡಿ, ಮೇಲಿನವರ ಕಾಲಿನ ಕಲ್ಲು ಕೆಳಗಿನವರ ತಲೆಗೆ ಬರುತ್ತದೆ.

ನೀರು ಪೂರ್ತಿ ಹೊತ್ತೇ ಹೋಗಿ. ಟೊಂಗರಿರೊ ದಾಟುವ ಸುಮಾರು 20 ಕಿಲೋಮೀಟರ್ ದಾರಿಯಲ್ಲಿ ಕುಡಿಯುವ ನೀರೇ ಸಿಗುವುದಿಲ್ಲ. ಕುಳಿಯ ಕೆರೆ ಎಷ್ಟೇ ಚೆಂದದ ಬಣ್ಣದ್ದಿರಲಿ, ಕೈ ಹಾಕಬೇಡಿ. ಇಜೆನ್ ಕೆರೆಯ ನೀರು ಕಟು ಆಮ್ಲ. ಟೊಂಗರಿರೊದ ಕೆರೆಗಳು ಅಲ್ಲಿನ ಮಾವೋರಿ ಜನರಿಗೆ ಪವಿತ್ರ, ಅವರು ಮುಟ್ಟಬೇಡಿ ಅಂತ ಕೇಳಿಕೊಂಡಿದ್ದಾರೆ.

ಹವಾಮಾನ ಮರೆಯಬೇಡಿ. ಎತ್ತರದ ಬೋಳು ಬೆಟ್ಟದಲ್ಲಿ ಗಾಳಿ, ಮಂಜು, ಚಳಿ ಎಲ್ಲವೂ ಜೋರು. ಮಂಜು ಕವಿದಾಗ ಕುಳಿಯ ಅಂಚು ಎಲ್ಲಿದೆ ಅನ್ನುವುದೇ ಕಾಣುವುದಿಲ್ಲ. ಮಂಜಿದ್ದರೆ ನಾನು ಅಂಚಿಗೆ ಯಾರನ್ನೂ ಬಿಡುವುದಿಲ್ಲ.

ಹನ್ನೊಂದು ವರ್ಷದ ಮಗಳು ತಾನೂ ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಕರೆದುಕೊಂಡು ಹೋಗಲಾ?

ಅವಳು ಏಳೆಂಟು ಗಂಟೆ ನಡೆಯಬಲ್ಲಳಾ? ‘ಈಗ ಇಳಿಯೋಣ’ ಅಂದರೆ ಅಳದೆ ತಿರುಗಬಲ್ಲಳಾ? ಅವಳ ತಲೆಗೆ ಸರಿಯಾಗುವ ಹೆಲ್ಮೆಟ್, ಮುಖಕ್ಕೆ ಸರಿಯಾಗುವ ಮಾಸ್ಕ್ ಸಿಕ್ಕಿತಾ? ಮೂರಕ್ಕೂ ಹೌದು ಅಂದರೆ ಕೆಳ ಇಳಿಜಾರಿನ ದಾರಿಗೆ ಕರೆದುಕೊಂಡು ಹೋಗಿ. ಹಳೆ ಲಾವಾ, ಅದರ ಮೇಲೆ ಚಿಗುರಿದ ಗಿಡ, ಬೆಚ್ಚಗಿನ ನೆಲ, ಇವನ್ನೆಲ್ಲ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ನೋಡುತ್ತಾರೆ. ಕುಳಿಯ ಅಂಚು ಈಗಲೇ ಬೇಡ. ಮಕ್ಕಳ ಮಾಸ್ಕ್ ಸರಿಯಾಗಿ ಕೂರುವುದೇ ಕಷ್ಟ.

ಹೋಗಬೇಕಿದ್ದ ಬೆಟ್ಟದ ತುದಿಯನ್ನು ಮುಚ್ಚಿದ್ದಾರಂತೆ. ಒಬ್ಬರು ಗೈಡ್ ‘ಬೇರೆ ದಾರಿ ಇದೆ, ಬೆಳಗಿನ ಜಾವ ಹೋಗಿ ಬರೋಣ, ಏನೂ ಆಗಲ್ಲ’ ಅಂತಿದ್ದಾರೆ. ದುಡ್ಡೂ ಕಟ್ಟಿ ಆಗಿದೆ. ಏನು ಮಾಡಲಿ?

ಹೋಗಬೇಡಿ. ಆ ಗೈಡನ್ನೂ ಬಿಡಿ. ಒಳ್ಳೆ ಗೈಡ್ ಮೊದಲು ಮುಚ್ಚಿದ ದಾರಿಯ ಸುದ್ದಿ ಹೇಳುತ್ತಾರೆ, ಆಮೇಲೆ ತೆರೆದಿರುವ ಬೇರೆ ದಾರಿ ತೋರಿಸುತ್ತಾರೆ. ಮರಾಪಿಯಂಥ ಕಡೆ ಏನಾದರೂ ಆದರೆ ನಿಮ್ಮನ್ನು ಹುಡುಕಲು ಹತ್ತಬೇಕಾದವರೂ ಅದೇ ಬೂದಿಯೊಳಗೆ ಹತ್ತಬೇಕು.

ತುದಿ ಮುಚ್ಚಿದರೆ ಚಾರಣವೇ ಹಾಳು ಅಂತ ಅಲ್ಲ. ಇಟಲಿಯ ಸ್ಟ್ರಾಂಬೋಲಿಯಲ್ಲಿ 2019ರ ಜುಲೈ 3ರಂದು ದೊಡ್ಡ ಸ್ಫೋಟವಾಗಿ ಒಬ್ಬ ಚಾರಣಿಗ ಸತ್ತ ಮೇಲೆ ತುದಿಗೆ ಬಿಡುವುದನ್ನು ನಿಲ್ಲಿಸಿದರು. ಜನ ಈಗಲೂ ಆ ದ್ವೀಪಕ್ಕೆ ಹೋಗುತ್ತಾರೆ. ಕತ್ತಲಾದ ಮೇಲೆ ಕೆಂಪು ಕಿಡಿ ಚಿಮ್ಮುವುದು ದೋಣಿಯಿಂದಲೂ ಚೆನ್ನಾಗಿ ಕಾಣುತ್ತದೆ.

ದುಡ್ಡಿನ ವಿಷಯಕ್ಕೆ ಬಂದರೆ, ಬೆಟ್ಟ ಮುಚ್ಚಿದರೆ ಹಣ ವಾಪಸ್ ಕೊಡುತ್ತೀರಾ, ದಿನ ಬದಲಿಸುತ್ತೀರಾ ಅಂತ ಬರವಣಿಗೆಯಲ್ಲಿ ಕೇಳಿ. ಪ್ರಯಾಣ ವಿಮೆ ಮಾಡಿಸಿದ್ದರೆ ಅದರಲ್ಲಿ ಜ್ವಾಲಾಮುಖಿ ಚಟುವಟಿಕೆ ಸೇರಿದೆಯಾ ಅಂತ ನೋಡಿ. ಮುಚ್ಚಿದ ಜಾಗಕ್ಕೆ ಹೋಗಿ ಪೆಟ್ಟಾದರೆ ಅನೇಕ ವಿಮೆಗಳು ಹಣ ಕೊಡುವುದಿಲ್ಲ. ಅದನ್ನೂ ಆ ಗೈಡಿಗೆ ಹೇಳಿ.